ಸೆಲ್ಫ್ ತಗೊಳ್ತದೆ, ಸ್ಟಾರ್ಟ್ ಆಗಲ್ಲ

ಗಾಡಿ ಕೆಡುವುದು ಸಣ್ಣ ವಿಷಯ. ಕೆಟ್ಟ ಗಾಡಿಯ ಸುತ್ತ ಜನ ನೆರೆಯುವುದಿದೆಯಲ್ಲ, ದೊಡ್ಡ ವಿಷಯ ಅದು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಎಲ್ಲಾದರೂ ಸರಿ, ರಸ್ತೆ ಬದಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ನಾಟಿ ಮಾಡುತ್ತಿದ್ದವನು, ಎಮ್ಮೆ ಮೇಯಿಸುತ್ತಿದ್ದವನು, ಡೈರಿಗೆ ಹಾಲು ಹಾಕಲು ಹೊರಟವನು ಎಲ್ಲರೂ ಬಂದು ಒಳಗೆ ಇಣುಕುತ್ತಾರೆ, ಬಾವಿಗೆ ಬಿದ್ದ ಕೊಡ ಹುಡುಕುವ ಹಾಗೆ. ಇಣುಕಿದವರು ಸುಮ್ಮನೆ ಹೋಗುತ್ತಾರೆಯೇ? ಒಂದು ವೈರು ಹಿಡಿದು ಅಲ್ಲಾಡಿಸಿ, 'ಇದು ಲೂಸಾಗದೆ' ಅಂದು, ಅಲ್ಲಿಯವರೆಗೆ ಲೂಸಾಗದೇ ಇದ್ದದ್ದನ್ನು ಲೂಸು ಮಾಡಿಯೇ ಹೋಗುತ್ತಾರೆ. ನನಗೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇತ್ತು. ತಿಳಿದವನ ಹತ್ತಿರವೇ ಅಲ್ಲವೇ ದಡ್ಡರು ಬರುವುದು.

ನನ್ನ ಹತ್ತಿರ ಒಂದು ಪೆಟ್ರೋಲ್ ಜೀಪಿತ್ತು. ತೊಂಬತ್ತರ ಆಸುಪಾಸಿನಲ್ಲಿ ಯಾವುದೋ ಇಲಾಖೆಯವರು ಹರಾಜು ಹಾಕಿದಾಗ ಕೂಗಿ ತಂದದ್ದು. ನಾನು ಬಿಟ್ಟರೆ ಬೇರೆ ಯಾರೂ ಕೂಗಲಿಲ್ಲ. ಅಲ್ಲಿ ಸೇರಿದ್ದವರಿಗೆ ಗಾಡಿಯ ಬಗ್ಗೆ ಎಷ್ಟು ಜ್ಞಾನ ಇತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ನಾನು ನಂಜನಗೂಡಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಹೆಂಡತಿ ನರಸೀಪುರದ ಆಚೆ ಹೆಮ್ಮಿಗೆಯವಳು. ಹಾಗಾಗಿ ಆ ರಸ್ತೆ ನನಗೂ ಜೀಪಿಗೂ ಬಾಯಿಪಾಠ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವಂಥ ಕಿವಿ ಇಡೀ ಜಿಲ್ಲೆಯಲ್ಲಿ ಒಬ್ಬನಿಗೇ ಇದ್ದದ್ದು. ಯಾರಿಗೆ ಅಂತ ಹೇಳಿದರೆ ಜಂಬ ಅನ್ನುತ್ತೀರಿ.

ಜೀಪಿನದು ಒಂದೇ ತಕರಾರು. ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುತ್ತಿತ್ತು, ಎಂಜಿನ್ ಕುಂಯ್ ಕುಂಯ್ ಅಂತ ಸೊಗಸಾಗಿ ತಿರುಗುತ್ತಿತ್ತು, ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. 'ಬಂದೆ, ಬಂದೆ' ಅಂತ ಒಳಗಿನಿಂದಲೇ ಕೂಗುತ್ತಾ ಬಾಗಿಲು ತೆಗೆಯದ ಸಾಲಗಾರನ ಹಾಗೆ.

"ನಂಗೇನು ಜೀಪಿನ ಮೇಲೆ ಹಗೆ ಇಲ್ಲ ಕಣ್ರೀ," ಅಂತ ನನ್ನ ಹೆಂಡತಿ ಅನ್ನುತ್ತಿದ್ದಳು. "ಆದ್ರೆ ರೇಷ್ಮೆ ಸೀರೆ ಉಟ್ಕೊಂಡು ತಳ್ಳೋದಕ್ಕೆ ನನ್ನ ಕೈಲಾಗಲ್ಲ. ಇನ್ನೊಂದ್ ಸಲ ನಮ್ಮ ಕಡೆಯೋರ ಮುಂದೆ ಇದು ನಿಂತ್ರೆ ಗುಜರಿಗೆ. ನಾನೇ ಮುಂದೆ ನಿಂತು ತೂಗಿಸ್ತೀನಿ."

ಈ ಬೆಂಕಿಗೆ ಗಾಳಿ ಹಾಕುತ್ತಿದ್ದವನು ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವನು, ಷರಟಿನ ಕಾಲರು ಕೊಳೆಯಾಗದ ಜಾತಿ. ಜೀಪನ್ನು ನೋಡಿದಾಗಲೆಲ್ಲ ಮೆಲ್ಲಗೆ, "ನಂಗೊಬ್ಬ ಗುಜರಿಯವನು ಗೊತ್ತು ಅಣ್ಣ, ಒಳ್ಳೇ ಮನುಷ್ಯ," ಅನ್ನುತ್ತಿದ್ದ. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದು ಮಲಗಿದ್ದಾಗ ಹೆಣ ಹೊರುವವರ ವಿಳಾಸ ಕೊಟ್ಟ ಹಾಗೆ.

ಹೆಂಡತಿಯ ಆ 'ಇನ್ನೊಂದ್ ಸಲ'ದಿಂದ ನಾನು ಜೀಪನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದೆ. ಕೋರ್ಟಿನಲ್ಲಿ ವಕೀಲರು ವಾಯಿದೆ ತೆಗೆದುಕೊಳ್ಳುತ್ತಾರಲ್ಲ, ಹಾಗೆ.

ಕಡ್ಡಿ ಪರೀಕ್ಷೆ

ಗಾಡಿ ಸ್ಟಾರ್ಟ್ ಆಗದಿದ್ದರೆ ನಮ್ಮ ಜನ ಮೊದಲು ಕೇಳುವುದು, 'ಪೆಟ್ರೋಲ್ ಇದೆಯಾ?' ಇದಕ್ಕಿಂತ ಅವಮಾನದ ಪ್ರಶ್ನೆ ಇನ್ನೊಂದಿಲ್ಲ. ಮದುವೆ ಮನೆಯಲ್ಲಿ ಅಡಿಗೆಯವರನ್ನು ಹಿಡಿದು 'ಒಲೆ ಹಚ್ಚಿದ್ದೀರಾ' ಅಂತ ಕೇಳುತ್ತೀವಾ?

ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆ ಮುಂದೆ ಹೆಂಡತಿ, ಅವಳ ಚಿಕ್ಕಮ್ಮ ಇಬ್ಬರೂ ಹೂ ಮುಡಿದು ಜೀಪು ಹತ್ತಿ ಕೂತಿದ್ದಾರೆ. ಕೀ ತಿರುಗಿಸಿದೆ. ಕುಂಯ್ ಕುಂಯ್. ಎದುರು ಮನೆ ಜಗಲಿಯ ಮೇಲೆ ನಿವೃತ್ತ ಹೆಡ್‌ಮೇಷ್ಟ್ರು ಪೇಪರ್ ಮಡಿಸಿದರು. ಅವರು ಪೇಪರ್ ಮಡಿಸಿದರು ಅಂದರೆ ಯಾರಿಗೋ ಪರೀಕ್ಷೆ ಅಂತಲೇ ಅರ್ಥ.

"ಪೆಟ್ರೋಲ್ ಇದೆಯೇನಯ್ಯಾ?"

"ಇದೆ ಮೇಷ್ಟ್ರೇ."

"ಮುಳ್ಳು ಏನು ತೋರಿಸ್ತದೆ?"

ಮುಳ್ಳು ಹರಾಜಿನ ದಿನದಿಂದಲೂ ಅರ್ಧಕ್ಕೇ ನಿಂತಿತ್ತು. ಸರ್ಕಾರಿ ಕೆಲಸದಲ್ಲಿದ್ದ ಗಾಡಿಯಲ್ಲವೇ, ಅರ್ಧಕ್ಕೆ ನಿಲ್ಲಿಸುವುದು ರೂಢಿ. ನಾನು ಮುಳ್ಳನ್ನು ನಂಬುವ ದಡ್ಡನಲ್ಲ. ನನ್ನದು ಕಡ್ಡಿ ಪರೀಕ್ಷೆ. ಅಂಗಳದ ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಹಿರಿದೆ, ಟ್ಯಾಂಕಿಗೆ ಇಳಿಬಿಟ್ಟೆ, ಎತ್ತಿ ತೋರಿಸಿದೆ. ಒಂದು ಗೇಣು ಒದ್ದೆ.

"ನೋಡಿ ಮೇಷ್ಟ್ರೇ. ಇನ್ನೂ ನರಸೀಪುರಕ್ಕೆ ಹೋಗಿ ಬರಬಹುದು."

ಮೇಷ್ಟ್ರು ಜಗಲಿ ಇಳಿದು ಬಂದು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮಾ, ಬೆಳಿಗ್ಗೆ ಇದೇ ಪೊರಕೇಲಿ ಸಗಣಿ ನೀರು ಹಾಕಿ ಬಾಗಿಲು ಸಾರಿಸಿದ್ಯಾ?"

ಆಮೇಲೆ ಬೀದಿಯೆಲ್ಲ ನನ್ನ ಜೀಪಿನಲ್ಲಿ ಪೆಟ್ರೋಲ್ ಇರಲಿಲ್ಲ ಅಂತ ಸುದ್ದಿ ಹಬ್ಬಿಸಿದರು. ಸುಳ್ಳಿಗೂ ಒಂದು ಮಿತಿ ಬೇಡವೇ? ಪೆಟ್ರೋಲ್ ಇತ್ತು. ಬಂಕಿನಲ್ಲಿತ್ತು.

"ಗಾಡಿ ಕೆಟ್ಟಿಲ್ಲ ಕಣೇ, ಹಸಿದಿದೆ ಅಷ್ಟೇ," ಅಂತ ಹೆಂಡತಿಗೆ ಹೇಳಿ ಮೊದಲನೇ ವಾಯಿದೆ ತೆಗೆದುಕೊಂಡೆ.

ಜೇಬಿನಲ್ಲಿದ್ದ ವಿಜ್ಞಾನ

ಸುತ್ತೂರಿನಲ್ಲಿ ಹೆಂಡತಿಯ ಕಡೆಯವರ ಒಂದು ಮದುವೆ. ಊಟ ಮುಗಿಸಿ ನಾನು ಎಲೆಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಷಡ್ಡಕ ನನ್ನ ಸೀಟಿನಲ್ಲಿ ಕೂತು, "ಬಿಸಿ ಮಾಡಿಟ್ಟಿರ್ತೀನಿ ಅಣ್ಣ," ಅಂತ ಸೆಲ್ಫ್ ಹೊಡೆಯುತ್ತಾ ಇದ್ದಾನೆ. ಜೊತೆಗೆ ಆಕ್ಸಿಲರೇಟರನ್ನು ಟೈಲರು ಮಿಷನ್ ತುಳಿದ ಹಾಗೆ ತುಳಿಯುತ್ತಿದ್ದಾನೆ. ಒಂದೊಂದು ತುಳಿತಕ್ಕೂ ಎಂಜಿನ್ನಿಗೆ ಒಂದೊಂದು ಗುಟುಕು ಪೆಟ್ರೋಲ್ ಹೋಗುತ್ತದೆ ಅನ್ನುವುದು ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲವೇನೋ. ನನ್ನ ಜೀಪು ಗಂಟಲವರೆಗೂ ಕುಡಿದು, ಪ್ಲಗ್ಗೆಲ್ಲ ಒದ್ದೆ ಮಾಡಿಕೊಂಡು, ಮದುವೆ ಮನೆಯಲ್ಲಿ ಹೆಚ್ಚು ತಿಂದ ಬೀಗರ ಹಾಗೆ ಕೂತುಬಿಟ್ಟಿತು.

"ತಳ್ಳಿದ್ರೆ ಆಗ್ತದೆ," ಅಂದ ಷಡ್ಡಕ, ಸೀಟಿನಿಂದ ಇಳಿಯದೆ.

ತಳ್ಳುವವರಲ್ಲಿ ಮೂರು ಬಗೆ. ನಿಜವಾಗಿ ತಳ್ಳುವವರು ಒಬ್ಬರೋ ಇಬ್ಬರೋ, ಅವರು ಮಾತಾಡುವುದಿಲ್ಲ. ಎರಡನೆಯವರು ಗಾಡಿಗೆ ಕೈ ಇಟ್ಟು ಜೊತೆಯಲ್ಲಿ ನಡೆಯುತ್ತಾರೆ, ಉತ್ಸವದಲ್ಲಿ ಪಲ್ಲಕ್ಕಿ ಮುಟ್ಟಿಕೊಂಡು ಹೋಗುವ ಹಾಗೆ. ಮೂರನೆಯವರು ಪಕ್ಕದಲ್ಲಿ ನಡೆಯುತ್ತಾ "ಹಾಕ್ರಪ್ಪಾ ಜೋರಾಗಿ" ಅನ್ನುತ್ತಾರೆ. ಆ ದಿನ ಮೊದಲನೇ ಬಗೆಯಲ್ಲಿ ನಾನು, ನನ್ನ ಹೆಂಡತಿ, ಅವಳ ರೇಷ್ಮೆ ಸೀರೆ. ಉಳಿದವರೆಲ್ಲ ಎರಡು ಮತ್ತು ಮೂರು.

ಕಲ್ಯಾಣ ಮಂಟಪದ ಮುಂದಿನಿಂದ ತಳ್ಳಿದೆವು. ಷಡ್ಡಕ ಗೇರು ಹಾಕಿ ಕ್ಲಚ್ ಬಿಟ್ಟ. ಜೀಪು ಜಗ್ಗಿ ಕೆಮ್ಮಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಜಗ್ಗಿತು. ಊರು ದಾಟಿತು. ಹೆಂಡತಿಯ ಮುಡಿಯಲ್ಲಿದ್ದ ಮಲ್ಲಿಗೆ ಕಳಚಿ ಜೀಪಿನ ಹಿಂದಿನ ಬಂಪರಿಗೆ ಸಿಕ್ಕಿಕೊಂಡಿತ್ತು. ಅವಳು ಗುಜರಿ ಅನ್ನುವ ಮಾತನ್ನು ಬಾಯಲ್ಲಿ ಹೇಳಲಿಲ್ಲ, ಉಸಿರಾಡಲು ಬಿಡುವಿದ್ದರಲ್ಲವೇ.

ನನ್ನ ಕಿವಿಗೆ ಅನುಮಾನ ಬಂತು. ಮುಂದೆ ಓಡಿ ನೋಡಿದೆ. ಕೀ ಇಡುವ ಜಾಗ ಖಾಲಿ.

"ಕೀ ಎಲ್ರೀ?"

"ಇಲ್ಲೇ ಇದೆ ಅಣ್ಣ," ಅಂತ ಜೇಬು ತಟ್ಟಿಕೊಂಡ. "ಜನ ಜಾಸ್ತಿ ಸೇರಿದ್ರಲ್ಲ, ಯಾರಾದ್ರೂ ಎಗರಿಸಿದ್ರೆ ಅಂತ ತೆಗೆದಿಟ್ಕೊಂಡೆ."

"ಕೀ ಇಲ್ದೆ ಸ್ಟಾರ್ಟ್ ಹೆಂಗ್ರೀ ಆಗ್ತದೆ?"

"ಕೀಯಿಂದ ಆಗ್ಲಿಲ್ಲ ಅಂತ ತಾನೇ ಅಣ್ಣ ತಳ್ಳಿದ್ದು?"

ನಾನು ಕೀ ಕಸಿದುಕೊಂಡು ಹಾಕಿ ತಿರುಗಿಸಿದೆ. ಮೊದಲನೇ ಏಟಿಗೇ ಜೀಪು ಗರ್ರ್ ಅಂತ ಎದ್ದಿತು. ಕೀ ಇಲ್ಲದೆ ಅಷ್ಟು ದೂರ ತಳ್ಳಿದ್ದರಿಂದ ಕಿಡಿ ಹೊತ್ತದೆ ಬರೀ ಗಾಳಿ ಆಡಿ, ಒಳಗೆ ತುಂಬಿದ್ದ ಪೆಟ್ರೋಲೆಲ್ಲ ಹೊರಗೆ ಹೋಗಿ ಪ್ಲಗ್ಗು ಒಣಗಿತ್ತು. ಇದು ನನಗೆ ಗೊತ್ತು, ಜೀಪಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇವತ್ತಿಗೂ ನೆಂಟರ ಮನೆಯ ಯಾವ ಸಮಾರಂಭದಲ್ಲಿ ಯಾರ ಗಾಡಿ ನಿಂತರೂ ಅವನು ಮುಂದೆ ಬಂದು, "ಮೊದ್ಲು ಕೀ ತೆಗೆದು ಜೇಬಲ್ಲಿಟ್ಕೊಳಿ, ಆಮೇಲೆ ತಳ್ಳಿಸಿ," ಅನ್ನುತ್ತಾನೆ.

ಎರಡು ಮಸಾಲೆ, ಒಂದು ಜೀಪು

ಆಯುಧಪೂಜೆ ದಿನ ಗಾಡಿಯನ್ನು ಮನೆ ಮುಂದೆ ಬಕೆಟ್ ನೀರಲ್ಲಿ ತೊಳೆಯುವುದು ಬಡಪಾಯಿ ಊರಿನವರ ಕೆಲಸ. ನಂಜನಗೂಡಿನವರಿಗೆ ಕಪಿಲೆ ಇದ್ದಾಳೆ. ನಾನೂ ಜೀಪನ್ನು ಹೊಳೆಗೆ ಇಳಿಸಿದೆ. ಪಕ್ಕದಲ್ಲಿ ಒಂದು ಲಾರಿ.

"ಇನ್ನೂ ಒಸಿ ಒಳೀಕ್ ಬುಡಿ ಸಾ, ಅಡಿಯೆಲ್ಲ ತೊಳ್ದಂಗಾಯ್ತದೆ," ಅಂದ ಲಾರಿ ಡ್ರೈವರು.

ಅವನ ಮಾತು ಕೇಳಿ ಬಿಟ್ಟೆ ಅಂದುಕೊಳ್ಳಬೇಡಿ. ನಾನೇ ಬಿಡಬೇಕು ಅಂತಿದ್ದೆ. ತೊಳೆದು, ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ ಆಯಿತು. ಲಾರಿ ನೀರಿನಿಂದ ಎಮ್ಮೆಯ ಹಾಗೆ ಮೈ ಕೊಡವಿ ಎದ್ದು ಹೋಯಿತು. ಡೀಸೆಲ್ ಗಾಡಿಗೆ ಕಿಡಿ ಬೇಕಾಗಿಲ್ಲ, ನೀರಿನ ಹೆದರಿಕೆ ಇಲ್ಲ. ಪೆಟ್ರೋಲ್ ಗಾಡಿ ಬೆಕ್ಕಿನ ಜಾತಿ. ಪ್ಲಗ್ಗುಗಳಿಗೆ ಕಿಡಿ ಹಂಚುವುದಕ್ಕೆ ಡಿಸ್ಟ್ರಿಬ್ಯೂಟರ್ ಅಂತ ಒಂದಿರುತ್ತದೆ, ಅದರ ತಲೆಯ ಮೇಲೆ ಬೋರಲು ಹಾಕಿದ ಲೋಟದಂಥ ಕ್ಯಾಪು. ಅದರೊಳಗೆ ನೀರು ಹೋದರೆ ಮುಗಿಯಿತು. ಕುಂಯ್ ಕುಂಯ್.

ನಾನು ತಕ್ಷಣ ಕಂಡುಹಿಡಿದೆ. ಕ್ಯಾಪು ಬಿಚ್ಚಿದೆ. ಒರೆಸಲು ಹೊಳೆಯ ಮೆಟ್ಟಿಲ ಮೇಲೆ ಹುಡುಕಿದರೆ ಒಂದು ಒಣ ಬಟ್ಟೆ ಇಲ್ಲ, ಎಲ್ಲರೂ ಸ್ನಾನ ಮಾಡಿ ಎದ್ದವರೇ. ಮನೆಯಲ್ಲಿ ಹೆಂಡತಿ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ನೆಂಟರ ಜೊತೆ ಕಾಯುತ್ತಿದ್ದಾಳೆ. ಆ ಕಾಯಿ ಒಡೆಯುವ ಹೊತ್ತಿಗೆ ಜೀಪು ಹೋಗದಿದ್ದರೆ ಒಡೆಯುವುದು ಕಾಯಿ ಆಗಿರುವುದಿಲ್ಲ. ಕ್ಯಾಪು ಹಿಡಿದುಕೊಂಡು ರಸ್ತೆಯ ಹೋಟೆಲಿಗೆ ಓಡಿದೆ.

"ಇದನ್ನ ಒಂಚೂರು ಕಾವಲಿ ಮೇಲೆ ಇಡ್ರಪ್ಪ."

"ದೋಸೆ ಹುಯ್ಯೋ ಜಾಗ್ದಲ್ಲಿ ಜೀಪಿನ ಸಾಮಾನ್ ಇಡಕ್ಕಾಗಲ್ಲ ಸಾ," ಅಂದ ಹೋಟೆಲಿನವನು.

"ಇವತ್ತು ಆಯುಧಪೂಜೆ. ನಿನ್ನ ಕಾವಲಿನೂ ಆಯುಧ, ನನ್ನ ಕ್ಯಾಪೂ ಆಯುಧ. ಒಂದರ ಪಕ್ಕ ಒಂದು ಇಟ್ಟರೆ ನಿನಗೇ ಪುಣ್ಯ."

ನನ್ನ ವಾದಕ್ಕೆ ಎದುರು ನಿಂತವರುಂಟೇ. ಕಾವಲಿಯ ಅಂಚಿನಲ್ಲಿ ಜಾಗ ಕೊಟ್ಟ. ಆಚೆಯಿಂದ ಸಪ್ಲೈಯರು ಕೂಗಿದ, "ಎರಡು ಮಸಾಲೆ, ಒಂದು ಸೆಟ್ಟು, ಒಂದು ಜೀಪು."

ಮೂಲೆ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬ ದಪ್ಪನೆಯ ಗಿರಾಕಿ ತಲೆ ಎತ್ತಿ, "ಜೀಪು ಅಂದ್ರೆ ಅದೇನು ಹೊಸ್ದಾ? ನಂಗೂ ಒಂದ್ ಹೇಳು, ಈರುಳ್ಳಿ ಜಾಸ್ತಿ ಇರ್ಲಿ," ಅಂದ.

ಕ್ಯಾಪು ಗರಿಗರಿಯಾಗಿ ಒಣಗಿತು. ಜೀಪು ಸಕಾಲಕ್ಕೆ ಮನೆ ಸೇರಿತು, ಕುಂಬಳಕಾಯಿಯೇ ಒಡೆಯಿತು. ಒಂದೇ ವ್ಯತ್ಯಾಸ. ಅಲ್ಲಿಯವರೆಗೂ ನಮ್ಮ ಬೀದಿ ನಾಯಿಗಳು ಜೀಪಿನ ಹಿಂದೆ ಬೊಗಳುತ್ತಾ ಓಡುತ್ತಿದ್ದವು. ಆವತ್ತಿನಿಂದ ಬಾಲ ಅಲ್ಲಾಡಿಸುತ್ತಾ ಓಡತೊಡಗಿದವು.

ಮುದ್ದೆ ಕೋಲಿನ ಡಾಕ್ಟರು

ಇನ್ನು ನಮ್ಮ ಅತ್ತೆಯವರ ವಿಷಯ. ಹೆಮ್ಮಿಗೆ ಬಿಟ್ಟು ನರಸೀಪುರದಾಚೆ ಹೆಚ್ಚು ಹೋದವರಲ್ಲ, ಆದರೆ ಊರಿನ ಹಸುವಿಗೆ ಹೊಟ್ಟೆ ಉಬ್ಬರ ಆದರೂ ಕೂಸಿಗೆ ನೆಗಡಿ ಆದರೂ ಅವರ ಬಾಯಲ್ಲಿ ಒಂದು ಔಷಧ ಇರುತ್ತಿತ್ತು. ಕಾಯಿಲೆ ವಾಸಿಯಾದರೆ ಔಷಧದಿಂದ, ಆಗದಿದ್ದರೆ ಹಣೆಬರಹದಿಂದ.

ಒಂದು ಸಲ ಹೆಮ್ಮಿಗೆಯಿಂದ ಹೊರಡಬೇಕು ಅಂತ ಜೀಪನ್ನು ಹಿಂದಕ್ಕೆ ತೆಗೆದು ತಿರುಗಿಸಿದೆ. ಹಿಂದೆ ಗದ್ದೆ ಬದು ಇತ್ತು. ಬದು ನನ್ನ ಜೀಪಿಗೆ ತಗುಲಿತು. ನಾನು ತಗುಲಿಸಿದೆ ಅಂತ ಹೇಳುವವರು ಬದು ಎಷ್ಟು ಮುಂದೆ ಬಂದಿತ್ತು ಅಂತ ನೋಡಿದವರಲ್ಲ. ಎಂಜಿನ್ ಆಫ್ ಆಯಿತು. ಮತ್ತೆ ಹೊಡೆದರೆ ಕುಂಯ್ ಕುಂಯ್.

ಹೆಂಡತಿ ಬಾಗಿಲಲ್ಲಿ ಕೈ ಕಟ್ಟಿ ನಿಂತಳು. ನರಸೀಪುರದಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಬೇಕಿರಲಿಲ್ಲ, ಆದರೆ ಮಾವನ ಮನೆಯಲ್ಲಿ ಅಳಿಯ ಕೈ ಕೊಳೆ ಮಾಡಿಕೊಳ್ಳಬಾರದಲ್ಲ. ಈ ಮೆಕ್ಯಾನಿಕ್ಕು ಬಿಳಿ ಷರಟು ಹಾಕುವವನು. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿದ.

"ಹಾರ್ಟು ವೀಕಾಗದೆ ಸಾ."

ಆಮೇಲೆ ಪ್ಲಗ್ಗು ಬಿಚ್ಚಿದ, ಕಾರ್ಬುರೇಟರ್ ಬಿಚ್ಚಿದ, ಬಿಚ್ಚಿದ್ದನ್ನೆಲ್ಲ ಪೇಪರಿನ ಮೇಲೆ ಸಂಡಿಗೆ ಒಣಗಿಸಿದ ಹಾಗೆ ಹರಡಿದ. ಒಂದೊಂದನ್ನೂ ಬಾಯಲ್ಲಿ ಊದಿದ. ಮತ್ತೆ ಜೋಡಿಸಿದ. ಕುಂಯ್ ಕುಂಯ್. ಸುತ್ತ ನೆರೆದ ಊರಿನವರಲ್ಲಿ ಒಬ್ಬ, "ದೃಷ್ಟಿಯಾಗದೆ," ಅಂದ. ಆ ಜೀಪಿಗೆ ದೃಷ್ಟಿ ಹಾಕುವವನ ಕಣ್ಣನ್ನು ಮೊದಲು ಪರೀಕ್ಷೆ ಮಾಡಿಸಬೇಕು.

ಅಷ್ಟರಲ್ಲಿ ಅತ್ತೆ ಮುದ್ದೆ ತಿರುವುತ್ತಿದ್ದವರು ಕೋಲು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲ ಕಡೆಯಿಂದ ಬಂದರು. ಎಲ್ಲರೂ ಜೀಪಿನ ಮೂತಿ ನೋಡುತ್ತಿದ್ದರೆ ಅವರು ಬಂದ ದಾರಿಗೆ ಎದುರಾದದ್ದು ಹಿಂಭಾಗ.

"ಅಳಿಮಯ್ಯ, ಇಂದ್ಗಡೆ ಒಗೆ ಬಿಡೋ ಕೊಳವೆಗೆ ಮಣ್ಣು ಮೆತ್ಕಂಡದಲ್ಲಪ್ಪ. ಇದ್ನ ನೀವೇ ಮೆತ್ತಿದ್ರಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣವ್ವ," ಅಂದ ಮೆಕ್ಯಾನಿಕ್ಕು, ಹಿಂದಕ್ಕೆ ಹೋಗಿ ಬಗ್ಗಿ ನೋಡುತ್ತಾ.

"ಯಾಕಿಲ್ಲ? ಎಮ್ಮೆಗೂ ಅಂಗೇ. ಇಂದ್ಗಡೆ ಕಟ್ಕಂಡ್ರೆ ಮುಂದ್ಗಡೆ ಮೇವು ಬುಟ್ಬುಡ್ತದೆ." ಅಂದವರೇ ಮುದ್ದೆ ಕೋಲನ್ನು ಕೊಳವೆಗೆ ಹಾಕಿ ನಾಲ್ಕು ಸಲ ತಿರುವಿದರು. "ಈಗ ಒಡೀರಿ."

ಹೊಡೆದೆ. ಢಂ ಅಂತ ಒಂದು ಸದ್ದು, ಮಿಕ್ಕಿದ್ದ ಗದ್ದೆ ಮಣ್ಣೆಲ್ಲ ಮೆಕ್ಯಾನಿಕ್ಕಿನ ಬಿಳಿ ಷರಟಿಗೆ. ಜೀಪು ಸಲೀಸಾಗಿ ಉಸಿರಾಡತೊಡಗಿತು.

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಅಂದ ಅವನು ಮುಖ ಒರೆಸಿಕೊಳ್ಳುತ್ತಾ. ಎಂಥ ನಾಚಿಕೆಗೆಟ್ಟ ಸುಳ್ಳು. ಅದನ್ನೇ ಹೇಳಬೇಕು ಅಂತ ಇದ್ದವನು ನಾನು.

ತನ್ನ ತಾಯಿಯೇ ವಾಸಿ ಮಾಡಿದ ಗಾಡಿಯನ್ನು ಗುಜರಿಗೆ ಹಾಕು ಅನ್ನುವುದು ಹೇಗೆ? ಹೆಂಡತಿ ಬಾಯಿ ಮುಚ್ಚಿಕೊಂಡಳು. ಅತ್ತೆಯವರ ಬಾಯಿ ಮಾತ್ರ ತೆರೆಯಿತು. ಹೆಮ್ಮಿಗೆಯಲ್ಲಿ ಯಾರ ಟ್ರ್ಯಾಕ್ಟರು ನಿಂತರೂ ಊರಿನವರು, "ಅವ್ವ, ಕೋಲ್ ತಕಬಾ," ಅಂತ ಕರೆಯತೊಡಗಿದರು. ಅತ್ತೆ ಮುದ್ದೆಯನ್ನು ಮಾತ್ರ ಬೇರೆ ಕೋಲಿನಲ್ಲಿ ತಿರುವುತ್ತಿದ್ದರು ಅಂತ ನಾನು ನಂಬಿಕೊಂಡಿದ್ದೇನೆ.

ಭೇದ ಮಾಡದ ಅತ್ತೆ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಷಡ್ಡಕ ಹೊಸ ಕಾರು ತೆಗೆದ. ಸೀಟಿನ ಪ್ಲಾಸ್ಟಿಕ್ ಸಹಿತ ಓಡಿಸುತ್ತಿದ್ದ. ಕೂತರೆ ಹಪ್ಪಳ ಮುರಿದ ಸದ್ದು.

"ಇದರೊಳಗೆ ಕಂಪ್ಯೂಟರ್ ಇದೆ ಅಣ್ಣ. ಸ್ಟಾರ್ಟ್ ಆಗಲ್ಲ ಅನ್ನೋ ಮಾತೇ ಇಲ್ಲ."

ಒಂದು ಕಾರ್ತಿಕ ಸೋಮವಾರ ಅತ್ತೆಯವರಿಗೆ ನರಸೀಪುರದ ಸಂಗಮದಲ್ಲಿ ಸ್ನಾನ ಮಾಡಬೇಕು ಅಂತ ಹರಕೆ. ಹೆಮ್ಮಿಗೆಯಿಂದ ಎರಡೂ ಗಾಡಿ ಹೊರಟವು. ಷಡ್ಡಕ ಹೊಸ ಕಾರಿನ ಬಾಗಿಲು ತೆಗೆದು ನಿಂತಿದ್ದರೂ ಅತ್ತೆ ಅದನ್ನು ಬಿಟ್ಟು ನನ್ನ ಜೀಪು ಹತ್ತಿದರು, ತಾವು ವಾಸಿ ಮಾಡಿದ ರೋಗಿಯ ಮೇಲೆ ಡಾಕ್ಟರಿಗೆ ಪ್ರೀತಿ ಹೆಚ್ಚು. ಹತ್ತುವ ಮುಂಚೆ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು.

"ಇವತ್ತು ನಮ್ಮವ್ವ ಹರಕೆ ತೀರಿಸೋಕೆ ಹೊರಟದೆ. ಇವತ್ತೇನಾದ್ರೂ ದಾರೀಲಿ ನಿಂತ್ರೆ ಮುಗೀತು. ಯಾವ ಸಬೂಬೂ ಕೇಳಲ್ಲ."

"ಗುಜರಿಯವನು ನಾಳೆ ನಂಜನಗೂಡಿಗೇ ಬರ್ತಿದ್ದಾನಂತೆ ಅಣ್ಣ," ಅಂದ ಷಡ್ಡಕ, ಮೊಬೈಲು ಜೇಬಿಗೆ ಇಳಿಸುತ್ತಾ. "ಒಳ್ಳೇ ಮನುಷ್ಯ."

ನರಸೀಪುರದ ಬಂಕಿನಲ್ಲಿ ಎರಡೂ ಗಾಡಿಗೆ ಪೆಟ್ರೋಲ್ ಹಾಕಿಸಿದೆವು. ಅತ್ತೆ ಇಳಿದು ನಿಂತು ಕಣ್ಣರಳಿಸಿ ನೋಡಿದರು. "ಈ ತೂತ್ಗೇನಾ ಆಕೋದು? ಇಲ್ಲಿಂದ ಮೈಗೆಲ್ಲ ಓಯ್ತದಾ?"

"ಹೌದತ್ತೆ. ಇಲ್ಲಿಗೆ ಹಾಕಿದ್ದು ಎಂಜಿನ್ನಿನ ನರನರಕ್ಕೂ ಹೋಗ್ತದೆ." ನಾನು ಅಷ್ಟು ಚೆನ್ನಾಗಿ ವಿವರಿಸಿದೆ, ಪ್ರೊಫೆಸರಿಗೂ ಬರುವುದಿಲ್ಲ.

ಸಂಗಮದಲ್ಲಿ ಮೊದಲು ಅತ್ತೆಯವರ ಸ್ನಾನ ಆಯಿತು. ಆಮೇಲೆ ನಾವೆಲ್ಲ ನೀರಿಗಿಳಿದೆವು. ಷಡ್ಡಕ ಕಾರಿನ ಕೀ ನೆನೆಯಬಾರದು ಅಂತ ಅತ್ತೆಯವರ ಕೈಗೆ ಕೊಟ್ಟ, ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನನ್ನ ಜೀಪಿನ ಟ್ಯಾಂಕಿಗೆ ಕೀಯ ಗೊಡವೆ ಇರಲಿಲ್ಲ. ಮುಚ್ಚಳ ಎಂದೋ ಕಳೆದಿತ್ತು, ಬಟ್ಟೆ ತುರುಕಿದ್ದೆ. ಸ್ನಾನ, ಪೂಜೆ, ಬುತ್ತಿ ಎಲ್ಲ ಮುಗಿಸಿ ಹೊರಟೆವು.

ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೇವೆ, ಜೀಪು ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ನಿಂತಿತು. ಹೊಡೆದೆ. ಕುಂಯ್ ಕುಂಯ್.

ಕಬ್ಬಿನ ಗದ್ದೆಯಿಂದ ಜನ ಏಳತೊಡಗಿದರು. ನಾನು ಪ್ಲಗ್ಗು ನೋಡಿದೆ, ಕಿಡಿ ಇದೆ. ಹಿಂದೆ ಹೋಗಿ ಕೊಳವೆ ನೋಡಿದೆ, ಮಣ್ಣಿಲ್ಲ. ಟ್ಯಾಂಕಿಗೆ ಕಡ್ಡಿ ಬಿಟ್ಟೆ, ಒಣ ಕಡ್ಡಿಯನ್ನೇ, ತುಂಬಾ ಇದೆ. ನನ್ನ ಕಿವಿ ಮೊದಲನೇ ಸಲ ಏನೂ ಹೇಳಲಿಲ್ಲ. ಹೆಂಡತಿ ಜೀಪಿನಿಂದ ತನ್ನ ಬ್ಯಾಗು ಕೆಳಗಿಳಿಸಿ ರಸ್ತೆಯ ಮೇಲೆ ಇಟ್ಟಳು.

ಹಿಂದೆ ಬರುತ್ತಿದ್ದ ಹೊಸ ಕಾರು ಮುಂದೆ ಬಂದು ನಿಂತಿತು. ಷಡ್ಡಕ ಎಂಜಿನ್ ಆಫ್ ಮಾಡಿ, ಕೀ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಇಳಿದ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಯಾವುದಕ್ಕೂ ಒಂದು ಆಯಸ್ಸು ಅಂತ ಇರ್ತದೆ. ಬನ್ನಿ ಅತ್ತೆ, ಎಲ್ಲರೂ ನಮ್ಮ ಕಾರಲ್ಲಿ ಹೋಗೋಣ."

ಎಲ್ಲರೂ ಹತ್ತಿದರು. ಪ್ಲಾಸ್ಟಿಕ್ ಸದ್ದು ಮಾಡಿತು. ಷಡ್ಡಕ ಕೀ ತಿರುಗಿಸಿದ.

ಕುಂಯ್ ಕುಂಯ್.

ಅದೇ ರಾಗ, ಅದೇ ತಾಳ. ಹೊಸ ಕಾರಲ್ಲವೇ, ಸ್ವಲ್ಪ ಇಂಗ್ಲಿಷಿನಲ್ಲಿ ಅಷ್ಟೇ.

ಮತ್ತೆ ಹೊಡೆದ. ಜನ ನನ್ನ ಜೀಪು ಬಿಟ್ಟು ಕಾರಿನ ಸುತ್ತ ಸೇರಿದರು. ಬೀಡಿ ಸೇದುತ್ತಿದ್ದ ಒಬ್ಬ ಕಿಟಕಿಯೊಳಗೆ ತಲೆ ಹಾಕಿ, "ಪೆಟ್ರೋಲ್ ಅದಾ ಸಾ?" ಅಂದ. ಮನುಷ್ಯನಿಗೆ ಜನ್ಮದಲ್ಲಿ ಅಂಥ ಸುಖ ಒಂದೇ ಸಲ ಸಿಗುವುದು, ಮಾತಾಡಿ ಕೆಡಿಸಿಕೊಳ್ಳಬಾರದು. ಷಡ್ಡಕ ಬೆವೆತು, ಅಭ್ಯಾಸಬಲದಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡು, "ತಳ್ಳಿಸೋಣ," ಅಂದ.

ಆಗ ಅತ್ತೆ ಹಿತ್ತಾಳೆ ಚೊಂಬು ಹಿಡಿದು ಇಳಿದು ಬಂದರು.

"ಯಾಕಪ್ಪಾ, ಸಾಲ್ದಾ? ಚೊಂಬಲ್ಲಿ ಇನ್ನೂ ಒಸಿ ಅದೆ."

"ಏನು ಸಾಲ್ದು ಅತ್ತೆ?" ಅಂದೆ.

"ತೀರ್ಥ. ನೀವೆಲ್ಲ ನೀರಲ್ಲಿದ್ರಲ್ಲ, ಅವಾಗ ಆಕ್ದೆ. ಮನುಷ್ಯರು ಮುಳುಗಿ ಪಾಪ ಕಳ್ಕತೀವಿ, ಗಾಡಿಗೆ ಮುಳ್ಗಕ್ಕಾದದಾ? ಅದ್ಕೆ ಒಳೀಕೇ ಉಯ್ದೆ. ನರನರಕ್ಕೂ ಓಯ್ತದೆ ಅಂತ ನೀವೇ ಏಳಿದ್ರಲ್ಲ ಅಳಿಮಯ್ಯ."

"ನಮ್ಮ ಕಾರಿಗೂ ಹಾಕಿದ್ರಾ?" ಷಡ್ಡಕ ಕಾರಿನಿಂದ ಹಾರಿ ಇಳಿದ.

"ಆಕ್ದೆ ಇರ್ತೀನಾ? ಇಬ್ರು ಅಳಿಯಂದ್ರು, ಭೇದ ಮಾಡ್ಬಾರ್ದು. ಕೀ ನನ್ ಸೆರಗಲ್ಲೇ ಇತ್ತಲ್ಲ. ಒಂದೊಂದು ಚೊಂಬು, ಸಮಸಮ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಬ್ಬಿನ ಗದ್ದೆ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು.

ಇನ್ನು ನನ್ನ ಕೈಚಳಕ. ನೀರು ಪೆಟ್ರೋಲಿನ ಅಡಿಗೆ ಕೂರುತ್ತದೆ. ಹಳೇ ಕಾಲದವರು ಬುದ್ಧಿವಂತರು, ಟ್ಯಾಂಕಿನ ತಳಕ್ಕೆ ಒಂದು ನಟ್ಟು ಇಟ್ಟಿರುತ್ತಾರೆ. ಜೀಪಿನ ಅಡಿ ತೂರಿ ಸಡಿಲ ಮಾಡಿದೆ, ನೀರು ಸುರಿಯಿತು.

"ಅಯ್ಯೋ, ತೀರ್ಥ ನೆಲಕ್ ಬುಡಬ್ಯಾಡಿ," ಅಂತ ಅತ್ತೆ ಚೊಂಬು ಒಡ್ಡಿ ಹಿಡಿದರು. ತುಂಬಿದ ಮೇಲೆ ನೆರೆದವರ ತಲೆಗೆಲ್ಲ ಪ್ರೋಕ್ಷಣೆ ಮಾಡಲು ಹೊರಟರು. ಪೆಟ್ರೋಲಿನ ವಾಸನೆಗೆ ಬೀಡಿಯವನು ಬೀಡಿಯನ್ನು ರಸ್ತೆ ಬದಿಯ ಕಾಲುವೆಗೆ ಎಸೆದು, ಹಿಂದೆಯೇ ತಾನೂ ಹಾರಿಕೊಂಡ.

ಕಾರ್ಬುರೇಟರಿನ ಬಟ್ಟಲು ಬಿಚ್ಚಿ ಒರೆಸಿ ಹಾಕಿದೆ. ಕೀ ತಿರುಗಿಸಿದೆ. ಕೆಮ್ಮಿತು, ಬಿಕ್ಕಿತು, ಎದ್ದಿತು.

ಷಡ್ಡಕ ತನ್ನ ಕಾರಿನ ಅಡಿ ಬಗ್ಗಿ ನೋಡಿದ. ನಟ್ಟೂ ಇಲ್ಲ, ಬೋಲ್ಟೂ ಇಲ್ಲ. "ಕಂಪ್ಯೂಟರ್ ಗಾಡಿ ಅಣ್ಣ, ಇದಕ್ಕೆ ಷೋರೂಮಿನವರೇ ಬರಬೇಕು," ಅಂದ ಸಣ್ಣ ದನಿಯಲ್ಲಿ.

"ನಿಮಗೊಬ್ಬ ಗೊತ್ತಲ್ರೀ," ಅಂದೆ. "ಒಳ್ಳೇ ಮನುಷ್ಯ."

ಎತ್ತಿನ ಗಾಡಿಯವರೊಬ್ಬರ ಹತ್ತಿರ ಹಗ್ಗ ಕೇಳಿ ತಂದು ಜೀಪಿನ ಹಿಂದೆ ಹೊಸ ಕಾರು ಕಟ್ಟಿದೆ. ಹೆಂಡತಿ ರಸ್ತೆಯ ಮೇಲಿದ್ದ ಬ್ಯಾಗು ಎತ್ತಿ ಜೀಪಿನೊಳಗೆ ಇಟ್ಟಳು. ತಂಗಿಯ ಗಂಡನ ಕಡೆ ತಿರುಗಿ, "ಆ ಗುಜರಿಯವರಿಗೆ ಒಂದ್ ಫೋನ್ ಮಾಡಿ, ನಾಳೆ ಬರೋದು ಬೇಡ ಅನ್ನಿ," ಅಂದಳು. ಇಷ್ಟು ವರ್ಷದ ಕೇಸು ಅಲ್ಲಿಗೆ ಖುಲಾಸೆ.

ಹೆಮ್ಮಿಗೆಗೆ ನಾವು ಬಂದ ಸೊಗಸನ್ನು ನೋಡಬೇಕಿತ್ತು. ಮುಂದೆ ನನ್ನ ಹರಾಜಿನ ಜೀಪು, ಹಿಂದೆ ಹಗ್ಗದಲ್ಲಿ ಮಿರಮಿರ ಮಿಂಚುವ ಕಾರು, ಅದರೊಳಗೆ ಸ್ಟೇರಿಂಗ್ ಹಿಡಿದು ತಲೆ ಬಗ್ಗಿಸಿದ ಷಡ್ಡಕ. ಬೇಕಂತಲೇ ನಿಧಾನ ಓಡಿಸಿದೆ. ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು.

"ಇದೇನವ್ವ, ಹಳೇ ಜೀಪು ಹೊಸ ಕಾರ್ನ ಎಳ್ಕಂಡ್ ಬತ್ತಾದೆ?" ಅಂತ ಒಬ್ಬ ಕೇಳಿದ.

ಅತ್ತೆ ಜೀಪಿನಿಂದ ಕತ್ತು ಹೊರಗೆ ಹಾಕಿದರು.

"ಎರಡಕ್ಕೂ ಒಂದೊಂದು ಚೊಂಬು ಸಂಗಮದ ತೀರ್ಥ ಕುಡಿಸ್ದೆ ಕನಪ್ಪ. ಈ ಜೀಪಿಗೆ ನೋಡು ಎಂಥ ಶಕ್ತಿ ಬಂತು, ಇನ್ನೊಂದ್ ಗಾಡೀನೇ ಎಳೀತದೆ." ಆಮೇಲೆ ಹಿಂದಿನ ಕಾರಿನ ಕಡೆ ತಿರುಗಿ ನೋಡಿ ನಿಟ್ಟುಸಿರು ಬಿಟ್ಟರು. "ಅದರ ಪಾಪ ಜಾಸ್ತಿ ಅದೆ ಅಂತ ಕಾಣ್ತದೆ. ನಾಳೀಕ್ ಒಂದ್ ಬಿಂದಿಗೆ ಉಯ್ತೀನಿ."